ಪರೀಕ್ಷೆ ಹೋಯಿತು, ಚುಕ್ಕೆ ಗೆರೆ ಉಳಿಯಿತು

(ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಆಡುಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಹ್ಯಾಮ್ ರೇಡಿಯೊ ಬಗ್ಗೆ ಮಾತಾಡಲು ಎಲ್ಲಿಗೆ ಹೋದರೂ ಎರಡು ಪ್ರಶ್ನೆ ತಪ್ಪುವುದಿಲ್ಲ. ಮೊಬೈಲ್ ಇರುವಾಗ ಇದೆಲ್ಲ ಇನ್ನೂ ಇದೆಯಾ ಅನ್ನುವುದು ಒಂದು. ಲೈಸೆನ್ಸ್ ಬೇಕಾದರೆ ಚುಕ್ಕೆ ಗೆರೆಗಳಲ್ಲಿ ಅಕ್ಷರ ಕಳಿಸುವ ಆ ಮೋರ್ಸ್ ಕೋಡ್ ಕಲಿಯಲೇಬೇಕಾ ಅನ್ನುವುದು ಇನ್ನೊಂದು. ಕೇಳುವವರ ಮನಸ್ಸಿನಲ್ಲಿ ಎರಡಕ್ಕೂ ಗಂಟು ಬಿದ್ದಿರುತ್ತದೆ: ಮೋರ್ಸ್ ಕಷ್ಟ, ಅದಕ್ಕೇ ಜನ ಬರುತ್ತಿಲ್ಲ. ಹಳೇ ಹ್ಯಾಮ್‌ಗಳನ್ನು ಕೇಳಿದರೆ ಇದೇ ಗಂಟು ಉಲ್ಟಾ: ಮೋರ್ಸ್ ಪರೀಕ್ಷೆ ತೆಗೆದರು, ಅದಕ್ಕೇ ಹವ್ಯಾಸ ಕೆಟ್ಟಿತು. ನಾನು ಹೇಳಹೊರಟಿರುವುದು ಈ ಗಂಟು ಬಿಚ್ಚುವ ಮಾತು. ಜನ ಬಂದದ್ದಕ್ಕೂ ಹೋದದ್ದಕ್ಕೂ ಕಾರಣಗಳು ಬೇರೆಯೇ ಇವೆ. ಮೋರ್ಸ್ ಉಳಿದದ್ದಕ್ಕಂತೂ ಪರೀಕ್ಷೆ ಕಾರಣವೇ ಅಲ್ಲ.

ಹೊಸಬರಿಗಾಗಿ ಎರಡೇ ಮಾತು. ಹ್ಯಾಮ್ ಅಂದರೆ ಸರ್ಕಾರದಿಂದ ಲೈಸೆನ್ಸ್ ಪಡೆದು, ಸ್ವಂತ ರೇಡಿಯೊ ಕೇಂದ್ರದಿಂದ, ಲಾಭದ ಉದ್ದೇಶವಿಲ್ಲದೆ ಮಾತಾಡುವ, ಪ್ರಯೋಗ ಮಾಡುವ ಹವ್ಯಾಸಿ. ಟಿವಿ, ಫ್ರಿಜ್ ಇಟ್ಟುಕೊಳ್ಳಲು ಪರೀಕ್ಷೆ ಬೇಡ, ಇದಕ್ಕೆ ಬೇಕು. ಏಕೆಂದರೆ ಇಲ್ಲಿ ನೀವು ಪ್ರಸಾರ ಮಾಡುತ್ತೀರಿ. ನಿಮ್ಮ ಮನೆಯ ಟ್ರಾನ್ಸ್‌ಮಿಟರ್ ಸರಿಯಿಲ್ಲದಿದ್ದರೆ ವಿಮಾನಕ್ಕೋ ಪೊಲೀಸರಿಗೋ ತೊಂದರೆ. ಪಾಸಾದವರಿಗೆ ಒಂದು ಕಾಲ್ ಸೈನ್, ಅಂದರೆ ಗಾಳಿಯಲ್ಲಿ ಹೇಳಿಕೊಳ್ಳುವ ಗುರುತು, ಸಿಗುತ್ತದೆ. ನಮ್ಮಲ್ಲಿ ವಿಯು2, ವಿಯು3 ಎಂದು ಶುರುವಾಗುವಂಥದ್ದು.

ಮೋರ್ಸ್ ಈ ಪರೀಕ್ಷೆಯೊಳಗೆ ಬಂದ ದಾರಿ ಸಮುದ್ರದ್ದು. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿತು. ಅದೇ ವರ್ಷ ಅಮೆರಿಕ ರೇಡಿಯೊಗೆ ಕಾನೂನು ಮಾಡಿತು: ಲೈಸೆನ್ಸ್ ಕಡ್ಡಾಯ, ಹವ್ಯಾಸಿಗಳೆಲ್ಲ 200 ಮೀಟರ್ ಅಥವಾ ಅದಕ್ಕಿಂತ ಕಡಿಮೆ ತರಂಗದೂರಕ್ಕೆ ಹೋಗಬೇಕು. ಅಷ್ಟು ಚಿಕ್ಕ ತರಂಗಗಳು ಯಾವ ಕೆಲಸಕ್ಕೂ ಬಾರವು ಎಂದು ಆಗಿನ ತಜ್ಞರ ನಂಬಿಕೆ. ಬೇಡದ ಜಾಗಕ್ಕೆ ತಳ್ಳಿದರು, ಅಷ್ಟೇ. ಆದರೆ 1923ರ ನವೆಂಬರ್‌ನಲ್ಲಿ ಅಮೆರಿಕದ ಹವ್ಯಾಸಿಗಳೂ ಫ್ರಾನ್ಸಿನ ಒಬ್ಬ ಹವ್ಯಾಸಿಯೂ ಸುಮಾರು 110 ಮೀಟರಿನಲ್ಲಿ ಅಟ್ಲಾಂಟಿಕ್ ದಾಟಿ ಪರಸ್ಪರ ಸಂಪರ್ಕ ಸಾಧಿಸಿದರು. ಮೋರ್ಸ್‌ನಲ್ಲೇ. ಆಗ ಎಲ್ಲರ ಕಣ್ಣು ತೆರೆಯಿತು. ಬಂಜರು ಎಂದು ಕೊಟ್ಟ ನೆಲದಲ್ಲಿ ಚಿನ್ನ ಸಿಕ್ಕಿತ್ತು. ಶಾರ್ಟ್‌ವೇವ್‌ನ ಕಥೆ ಶುರುವಾದದ್ದು ಹಾಗೆ.

ಹಡಗುಗಳು ಮಾತ್ರ 500 ಕಿಲೋಹರ್ಟ್ಸ್‌ನಲ್ಲಿ ಅಪಾಯದ ಕರೆಗೆ ಕಿವಿಗೊಟ್ಟು ಕೂತಿರುತ್ತಿದ್ದವು. ಹಳೇ ಹಡಗಿನ ರೇಡಿಯೊ ಕೋಣೆಯ ಗಡಿಯಾರವನ್ನು ಯಾವುದಾದರೂ ಸಂಗ್ರಹಾಲಯದಲ್ಲಿ ಕಂಡರೆ ಹತ್ತಿರ ಹೋಗಿ ನೋಡಿ. ಅದರ ಮುಖದ ಮೇಲೆ 15ರಿಂದ 18ನೇ ನಿಮಿಷದವರೆಗೆ ಒಂದು, 45ರಿಂದ 48ರವರೆಗೆ ಇನ್ನೊಂದು ಕೆಂಪು ಪಟ್ಟೆ ಇರುತ್ತದೆ. ಮುಳ್ಳು ಆ ಕೆಂಪಿನೊಳಗೆ ಇರುವಷ್ಟು ಹೊತ್ತು ಆ ತರಂಗಾಂತರದಲ್ಲಿ ಎಲ್ಲರೂ ಮೋರ್ಸ್ ಕಳಿಸುವ ಒತ್ತುಗುಂಡಿ, ಅಂದರೆ ಕೀ, ಮೇಲಿಂದ ಕೈ ತೆಗೆಯಬೇಕು. ಎಲ್ಲೋ ಮುಳುಗುತ್ತಿರುವ ಹಡಗಿನ ಕ್ಷೀಣ ದನಿ ಆಗಲಾದರೂ ಕೇಳಲಿ ಎಂದು. ಇಂಥ ವ್ಯವಸ್ಥೆಯ ನಡುವೆ ಒಬ್ಬ ಹವ್ಯಾಸಿ ತನ್ನ ಸ್ಪಾರ್ಕ್ ಯಂತ್ರದಿಂದ ಗಲಾಟೆ ಎಬ್ಬಿಸಿದರೆ ಕರಾವಳಿ ಕೇಂದ್ರದವರು "ನಿಲ್ಲಿಸು" ಎನ್ನುತ್ತಿದ್ದುದು ಮೋರ್ಸ್‌ನಲ್ಲೇ. ಅದು ಅವನಿಗೆ ಅರ್ಥವಾಗಬೇಕಲ್ಲ! ಮೋರ್ಸ್ ಪರೀಕ್ಷೆಯ ಮೂಲ ಸಮರ್ಥನೆ ಇದು. ಸಂಸ್ಕಾರ, ಶಿಸ್ತು, ಗುರುಕುಲ ಎಂಬ ಮಾತೆಲ್ಲ ಆಮೇಲೆ ಹುಟ್ಟಿದ್ದು.

ಈ ಸಮರ್ಥನೆ ಕರಗುತ್ತಾ ಬಂದದ್ದು ಅಂತರರಾಷ್ಟ್ರೀಯ ನಿಯಮಗಳಲ್ಲೇ ಕಾಣುತ್ತದೆ. 1947ರ ಅಟ್ಲಾಂಟಿಕ್ ಸಿಟಿ ಸಮ್ಮೇಳನ 1000 ಮೆಗಾಹರ್ಟ್ಸ್‌ಗಿಂತ ಮೇಲೆ ಮೋರ್ಸ್ ಬೇಡವಾದರೆ ಬಿಡಿ ಎಂದಿತು. 1959ರಲ್ಲಿ ಆ ಗೆರೆ 144 ಮೆಗಾಹರ್ಟ್ಸ್‌ಗೆ ಇಳಿಯಿತು, 1979ರಲ್ಲಿ 30ಕ್ಕೆ. ಹಡಗುಗಳೇ 1999ರ ಫೆಬ್ರುವರಿಯಿಂದ ಉಪಗ್ರಹ ಮತ್ತು ಡಿಜಿಟಲ್ ರೇಡಿಯೊ ಕರೆಗಳ ಹೊಸ ವ್ಯವಸ್ಥೆಗೆ ಪೂರ್ತಿಯಾಗಿ ಹೋದವು. ಯಾರಿಗಾಗಿ ಈ ನಿಯಮ ಹುಟ್ಟಿತ್ತೋ ಅವರೇ ಎದ್ದು ಹೋದ ಮೇಲೆ ಹವ್ಯಾಸಿಗಳನ್ನು ಮಾತ್ರ ಅದರಲ್ಲಿ ಕೂಡಿಹಾಕುವುದು ಹೇಗೆ? 2003ರ ಜುಲೈನಲ್ಲಿ ಜಿನೀವಾದ ವಿಶ್ವ ರೇಡಿಯೊ ಸಮ್ಮೇಳನ ಈ ವಿಷಯವನ್ನು ಆಯಾ ದೇಶಗಳ ವಿವೇಚನೆಗೆ ಬಿಟ್ಟಿತು. ಸ್ವಿಟ್ಜರ್‌ಲೆಂಡ್, ಬ್ರಿಟನ್ ಅದೇ ತಿಂಗಳು ಪರೀಕ್ಷೆ ಕೈಬಿಟ್ಟವು. ಒಂದು ತಮಾಷೆ: ಮರುವರ್ಷ, 2004ರಲ್ಲಿ, ಇದೇ ಮೋರ್ಸ್‌ಗೆ ಹೊಸದೊಂದು ಅಕ್ಷರ ಸೇರಿತು. ಇಮೇಲ್ ವಿಳಾಸದಲ್ಲಿ ಬರುವ 'ಅಟ್' ಚಿಹ್ನೆ. ಸತ್ತಿತು ಎಂದವರೇ ಅದಕ್ಕೆ ಹೊಸ ಬಟ್ಟೆ ಹೊಲಿಸಿದ ಹಾಗಾಯಿತು.

ಈಗ ಮೋರ್ಸ್‌ನ ಒಳಗೆ ಸ್ವಲ್ಪ ಹೋಗೋಣ. ಕಾಗದದ ಮೇಲೆ ಚುಕ್ಕೆ ಗೆರೆಗಳ ಪಟ್ಟಿ ನೋಡಿ ಕಲಿಯಲು ಹೊರಟವರೇ ಹೆಚ್ಚಾಗಿ ಅರ್ಧದಲ್ಲಿ ಬಿಡುವುದು. ಇದು ಕಣ್ಣಿನ ಲಿಪಿಯಲ್ಲ, ಕಿವಿಯ ಲಯ. ನಾವು ಅದನ್ನು ಡಿಟ್, ಡಾ ಎಂದೇ ಬಾಯಲ್ಲಿ ಹೇಳಿಕೊಳ್ಳುತ್ತೇವೆ. ಒಂದು ಡಿಟ್ ಒಂದು ಮಾತ್ರೆ, ಒಂದು ಡಾ ಮೂರು ಮಾತ್ರೆ. ಅಕ್ಷರದೊಳಗಿನ ಬಿಡುವು ಒಂದು ಮಾತ್ರೆ, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ಹೈಸ್ಕೂಲಿನಲ್ಲಿ ಛಂದಸ್ಸು ಕಲಿತವರಿಗೆ ಇದು ಹೊಸದೇನೂ ಅಲ್ಲ. ಗುರುವಿಗೆ ನಾವು ಎರಡು ಮಾತ್ರೆ ಕೊಡುತ್ತೇವೆ, ಇಲ್ಲಿ ಮೂರು, ಅಷ್ಟೇ ವ್ಯತ್ಯಾಸ. ಯಮಾತಾರಾಜಭಾನಸಲಗಂ ನೆನಪಿದೆಯೇ? ಮೂರು ಅಕ್ಷರದ ಗಣಗಳು ಎಂಟು. ಮೋರ್ಸ್‌ನಲ್ಲೂ ಮೂರು ಸಂಕೇತದ ಅಕ್ಷರಗಳು ಸರಿಯಾಗಿ ಎಂಟೇ, ಒಂದಕ್ಕೊಂದು ಕೂತುಬಿಡುತ್ತವೆ. ಯಗಣ ಡಬ್ಲ್ಯು, ಮಗಣ ಓ, ತಗಣ ಜಿ, ರಗಣ ಕೆ, ಜಗಣ ಆರ್, ಭಗಣ ಡಿ, ನಗಣ ಎಸ್, ಸಗಣ ಯು. ಹಾಗಾದರೆ ಎಸ್‌ಓಎಸ್ ಅಂದರೆ? ನಗಣ, ಮಗಣ, ನಗಣ. ಪಿಂಗಳನ ಕಾಲದಿಂದ ನಮ್ಮವರು ಲಘು ಗುರುಗಳ ಜೋಡಣೆಯ ಲೆಕ್ಕ ಹಾಕಿಕೊಂಡು ಬಂದಿದ್ದಾರೆ. ಎರಡೇ ಚಿಹ್ನೆ ಕೊಟ್ಟು ಮೂರು ಸ್ಥಾನ ತುಂಬು ಎಂದರೆ ಎಂಟು ಬಗೆಗಿಂತ ಹೆಚ್ಚು ಯಾರಿಗೂ ಬರುವುದಿಲ್ಲ, ಅಮೆರಿಕದವರಿಗೂ. ಕನ್ನಡ ಮೇಷ್ಟರು ಹಲಗೆಯ ಮೇಲೆ ಪ್ರಸ್ತಾರ ಹಾಕಿಸಿದ್ದು ಹೀಗೂ ಉಪಯೋಗಕ್ಕೆ ಬರುತ್ತದೆ ನೋಡಿ.

ವೇಗವನ್ನು ಅಳೆಯುವುದು ಪ್ಯಾರಿಸ್ ಎಂಬ ಪದದಿಂದ. ಅದು ಬಿಡುವು ಸೇರಿ ಸರಿಯಾಗಿ 50 ಮಾತ್ರೆ. ನಿಮಿಷಕ್ಕೆ 5 ಪದ ಎಂದರೆ ಒಂದು ಡಿಟ್ 240 ಮಿಲಿಸೆಕೆಂಡ್, 12 ಪದಕ್ಕೆ 100, 20 ಪದಕ್ಕೆ 60. ಐದರ ವೇಗದಲ್ಲಿ ನೀವು ಡಿಟ್ ಡಾಗಳನ್ನು ಎಣಿಸಿ, ಮನಸ್ಸಿನೊಳಗಿನ ಪಟ್ಟಿ ನೋಡಿ, ಅಕ್ಷರ ಬರೆದುಕೊಳ್ಳಬಹುದು. ಹತ್ತರ ಹತ್ತಿರ ಬಂದಾಗ ಈ ಎಣಿಕೆ ಕೈಕೊಡುತ್ತದೆ. ಪಟ್ಟಿ ನೋಡುವಷ್ಟರಲ್ಲಿ ಮುಂದಿನ ಅಕ್ಷರ ಬಂದು ಹೋಗಿರುತ್ತದೆ, ಅದರ ಚಿಂತೆಯಲ್ಲಿ ಇನ್ನೊಂದೂ ಹೋಗುತ್ತದೆ. ಬಹಳ ಜನ ಸುಸ್ತಾಗಿ ನಿಲ್ಲುವುದು ಇಲ್ಲೇ. ದಾಟಬೇಕಾದರೆ ಎಣಿಕೆ ಮರೆತು 'ಡಾ ಡಿ ಡಾ ಡಿಟ್' ಎಂಬ ಇಡೀ ನಾದವನ್ನೇ 'ಸಿ' ಎಂದು ಕೇಳಬೇಕು. ಅದಕ್ಕೇ ಈಗಿನವರು ಮೊದಲಿಂದಲೂ ಅಕ್ಷರವನ್ನು ಜೋರು ವೇಗದಲ್ಲೇ ಕೇಳಿಸಿ, ನಡುವಿನ ಬಿಡುವನ್ನು ಮಾತ್ರ ಉದ್ದ ಇಟ್ಟು ಕಲಿಸುತ್ತಾರೆ. ಹಳೇ ಪರೀಕ್ಷೆಯ ದೊಡ್ಡ ಲೋಪ ನನ್ನ ಪ್ರಕಾರ ಇಲ್ಲಿದೆ: ಐದು ಪದದ ಪರೀಕ್ಷೆ ಇಟ್ಟು, ಆಮೇಲೆ ಪೂರ್ತಿ ಮರೆಯಬೇಕಾದ ಕೆಟ್ಟ ಅಭ್ಯಾಸವನ್ನು ಅದು ಕಲಿಸುತ್ತಿತ್ತು.

ಜಗಳಕ್ಕೆ ಬರೋಣ. ಅಮೆರಿಕದಲ್ಲಿ ಬಹುಕಾಲ 5, 13, 20 ಪದಗಳ ಮೆಟ್ಟಿಲು ಇತ್ತು. ಮೇಲಿನ ದರ್ಜೆ ಬೇಕಾದರೆ ಮೇಲಿನ ವೇಗ. 1991ರಲ್ಲಿ ಮೋರ್ಸ್ ಇಲ್ಲದ ಟೆಕ್ನಿಷಿಯನ್ ಲೈಸೆನ್ಸ್ ಬಂತು. 2000ದ ಏಪ್ರಿಲ್‌ನಲ್ಲಿ ಎಲ್ಲ ದರ್ಜೆಗೂ 5 ಪದ ಸಾಕು ಎಂದರು. 2007ರ ಫೆಬ್ರುವರಿ 23ರಂದು ಅದೂ ಹೋಯಿತು. ಪ್ರತಿ ಹೆಜ್ಜೆಗೂ ಹಿರಿಯರು ಹೇಳಿದ್ದು ಒಂದೇ: ಬಾಗಿಲು ತೆರೆದರೆ ಯಾರ್ಯಾರೋ ನುಗ್ಗುತ್ತಾರೆ, ಶಿಸ್ತು ಹೋಗುತ್ತದೆ, ಲಾರಿ ಡ್ರೈವರುಗಳ ಸಿಟಿಜನ್ಸ್ ಬ್ಯಾಂಡಿನ ಹಾಗೆ ಗದ್ದಲವಾಗುತ್ತದೆ. ನಾವು ಕಷ್ಟಪಟ್ಟಿದ್ದೇವೆ, ನೀವೂ ಪಡಿ ಎಂಬ ಧ್ವನಿ ಅದರಲ್ಲಿ ಇರಲಿಲ್ಲ ಎಂದು ಪ್ರಮಾಣ ಮಾಡಲಾರೆ. ಏನಾಯಿತು? 2007ರ ಹೊತ್ತಿಗೆ ಸುಮಾರು ಆರೂವರೆ ಲಕ್ಷಕ್ಕೆ ಇಳಿದಿದ್ದ ಅಲ್ಲಿನ ಲೈಸೆನ್ಸ್ ಸಂಖ್ಯೆ ಕೆಲವೇ ವರ್ಷಗಳಲ್ಲಿ ಏಳು ಲಕ್ಷ ದಾಟಿತು.

ಹಾಗಾದರೆ ಮೋರ್ಸೇ ಅಡ್ಡಿಯಾಗಿತ್ತು ಎಂದು ಸಾಬೀತಾಯಿತಲ್ಲ ಎನ್ನುತ್ತೀರಿ. ಸ್ವಲ್ಪ ತಡೆಯಿರಿ, ಜಪಾನ್ ನೋಡಿ. ಆ ದೇಶ 1950ರ ದಶಕದ ಕೊನೆಯಲ್ಲೇ, ಜಗತ್ತಿನ ನಿಯಮವನ್ನು ತನಗೆ ಬೇಕಾದಂತೆ ಉದಾರವಾಗಿ ಓದಿಕೊಂಡು, ಮೋರ್ಸ್ ಇಲ್ಲದೆ ಬರೀ ಮಾತಿನ ಲೈಸೆನ್ಸ್ ಕೊಟ್ಟಿತು. 10 ವಾಟ್ ಮಿತಿ, ಆದರೆ ಶಾರ್ಟ್‌ವೇವ್‌ನಲ್ಲೂ ಅವಕಾಶ. ಜನ ಮುಗಿಬಿದ್ದರು. ಐಕಾಮ್, ಯಾಯೆಸು, ಕೆನ್‌ವುಡ್ ಎಂದು ಇವತ್ತು ಹ್ಯಾಮ್‌ಗಳ ಮೇಜಿನ ಮೇಲಿರುವ ರಿಗ್‌ಗಳಲ್ಲಿ, ಅಂದರೆ ರೇಡಿಯೊ ಯಂತ್ರಗಳಲ್ಲಿ, ಬಹಳಷ್ಟು ಜಪಾನಿನವೇ. ಮನೆಯ ಬಾಗಿಲಲ್ಲೇ ಅಷ್ಟು ದೊಡ್ಡ ಮಾರುಕಟ್ಟೆ ಇದ್ದದ್ದು ಅವಕ್ಕೆ ಅನುಕೂಲವಾಗದೆ ಇರುತ್ತದೆಯೇ? 1990ರ ದಶಕದ ನಡುವಿನಲ್ಲಿ ಅಲ್ಲಿ 13 ಲಕ್ಷಕ್ಕೂ ಹೆಚ್ಚು ಹ್ಯಾಮ್ ಕೇಂದ್ರಗಳಿದ್ದವು, ಅಮೆರಿಕದ ಎರಡರಷ್ಟು. ಇವತ್ತು ನಾಲ್ಕು ಲಕ್ಷವೂ ಇಲ್ಲ. ಮೋರ್ಸ್ ಅಡ್ಡಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಬಂದದ್ದು ಮೊಬೈಲ್. ಹುಡುಗರು ಸ್ಕೀ ಮಾಡಲು ಹೋದಾಗ, ಕಾರಿನಲ್ಲಿ ಹಿಂದೆ ಮುಂದೆ ಹೋಗುವಾಗ ಸ್ನೇಹಿತರ ಜೊತೆ ಹರಟಲು ಕೊಂಡಿದ್ದ ಕೈರೇಡಿಯೊಗೆ ಜೇಬಿನಲ್ಲೇ ಬದಲಿ ಸಿಕ್ಕಿತು. ಹರಟೆಗಾಗಿ ಬಂದವರು ಹರಟೆಯ ಹೊಸ ಜಾಗಕ್ಕೆ ಹೋದರು. ರೇಡಿಯೊಗಾಗಿಯೇ ಬಂದವರು ಉಳಿದರು. ಅಮೆರಿಕದ ಏರಿಕೆಯಲ್ಲೂ ಚಂಡಮಾರುತ, ಬೆಂಕಿ ಅನಾಹುತಗಳಿಗೆ ಸಿದ್ಧವಾಗಿರಬೇಕು ಎಂದು ಬಂದವರು ಬಹಳ ಜನ. ಲೈಸೆನ್ಸ್ ಅವಧಿ ಅಲ್ಲಿ ಹತ್ತು ವರ್ಷವಾದ್ದರಿಂದ ರಿಗ್ ಅಟ್ಟಕ್ಕೆ ಹಾಕಿದವರೂ ಪಟ್ಟಿಯಲ್ಲಿ ಇರುತ್ತಾರೆ. ಜನಪ್ರಿಯತೆಯ ಅಂಕಿ ಓದುವಾಗ ಈ ಎಚ್ಚರ ಬೇಕು.

ಪರೀಕ್ಷೆ ಹೋದ ಮೇಲೆ ಮೋರ್ಸ್ ಏನಾಯಿತು? ಹ್ಯಾಮ್‌ಗಳಿಗೆ ಬಿಟ್ಟುಕೊಟ್ಟ ತರಂಗಾಂತರ ಪಟ್ಟಿಯ, ಅಂದರೆ ಬ್ಯಾಂಡಿನ, ಕೆಳತುದಿಗೆ ಡಯಲ್ ತಿರುಗಿಸಿ. ಶನಿವಾರ, ಭಾನುವಾರ ಸ್ಪರ್ಧೆಗಳಿದ್ದರೆ ಡಿಟ್ ಡಾಗಳ ಸಂತೆ ನೆರೆದಿರುತ್ತದೆ. ಯಾರೂ ಬಲವಂತ ಮಾಡದಿದ್ದರೂ ಕಲಿಯುವವರಿದ್ದಾರೆ, ಅಂತರ್ಜಾಲದಲ್ಲಿ ಪುಕ್ಕಟೆ ಕಲಿಸುವವರೂ ಇದ್ದಾರೆ. ಇದಕ್ಕೆ ಪ್ರೀತಿ ಒಂದೇ ಕಾರಣವಲ್ಲ, ಗಟ್ಟಿಯಾದ ಎಂಜಿನಿಯರಿಂಗ್ ಕಾರಣವೂ ಇದೆ. ಮಾತಿನ ಸಿಂಗಲ್ ಸೈಡ್‌ಬ್ಯಾಂಡ್ ಸಿಗ್ನಲ್‌ಗೆ ಸುಮಾರು 2500 ಹರ್ಟ್ಸ್ ಅಗಲ ಬೇಕು. ಮೋರ್ಸ್ ಕೇಳಲು 250 ಹರ್ಟ್ಸ್ ಫಿಲ್ಟರ್ ಧಾರಾಳ. ಹತ್ತನೇ ಒಂದು ಅಗಲ ಅಂದರೆ ಒಳಗೆ ಬರುವ ಗದ್ದಲವೂ ಹತ್ತನೇ ಒಂದು, 10 ಡೆಸಿಬೆಲ್ ಲಾಭ. ಸರಳವಾಗಿ ಹೇಳುವುದಾದರೆ 10 ವಾಟ್ ಮೋರ್ಸ್ 100 ವಾಟ್ ಮಾತಿಗೆ ಸರಿಸಮ. ಟ್ರಾನ್ಸ್‌ಮಿಟರೂ ಸುಲಭ. ಒಂದು ಕ್ರಿಸ್ಟಲ್, ಒಂದೆರಡು ಟ್ರಾನ್ಸಿಸ್ಟರ್, ಕೈಯಲ್ಲಿ ಸುತ್ತಿದ ಕಾಯಿಲ್, ಒಂದು ಕೀ, ಹನ್ನೆರಡು ವೋಲ್ಟ್ ಬ್ಯಾಟರಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಅಲೆದರೆ ಬಹುಪಾಲು ಸಾಮಾನು ಸಿಗುತ್ತದೆ, ಕ್ರಿಸ್ಟಲ್‌ಗೆ ಮಾತ್ರ ಸ್ವಲ್ಪ ಹುಡುಕಾಟ. ಅಮೆರಿಕದ ಒಂದು ಟಿವಿ ಕಾರ್ಯಕ್ರಮದಲ್ಲಿ 2005ರಲ್ಲಿ ಮೊಬೈಲಿನಲ್ಲಿ ಎಸ್ಎಂಎಸ್ ಕಳಿಸುವ ಹುಡುಗರನ್ನೂ ಇಬ್ಬರು ಮೋರ್ಸ್ ಹ್ಯಾಮ್‌ಗಳನ್ನೂ ಪಂದ್ಯಕ್ಕೆ ಬಿಟ್ಟಾಗ ಗೆದ್ದದ್ದು ಮೋರ್ಸ್.

ಮೋರ್ಸ್‌ಗೆ ನಿಜವಾದ ಪೈಪೋಟಿ ಬಂದದ್ದು ಬೇರೆ ಕಡೆಯಿಂದ. 2017ರಲ್ಲಿ ಎಫ್‌ಟಿ8 ಎಂಬ ಡಿಜಿಟಲ್ ವಿಧಾನ ಬಂತು. ಅದನ್ನು ರೂಪಿಸಿದವರಲ್ಲಿ ಒಬ್ಬರು ಜೋ ಟೇಲರ್, ಜೋಡಿ ಪಲ್ಸಾರ್‌ಗಾಗಿ 1993ರ ನೊಬೆಲ್ ಪಡೆದ ಭೌತವಿಜ್ಞಾನಿ. ಇನ್ನೊಬ್ಬರು ಸ್ಟೀವ್ ಫ್ರಾಂಕಿ. 15 ಸೆಕೆಂಡಿನ ಸರದಿ, 50 ಹರ್ಟ್ಸ್ ಅಗಲ, ಕಿವಿಗೆ ಕೇಳದಷ್ಟು ಕ್ಷೀಣವಾದ ಸಿಗ್ನಲನ್ನೂ ಕಂಪ್ಯೂಟರ್ ಹೆಕ್ಕಿ ಕೊಡುತ್ತದೆ. ದುರ್ಬಲ ಸಿಗ್ನಲ್‌ಗೆ ಮೋರ್ಸೇ ರಾಜ ಎಂಬ ಮಾತಿಗೆ ಪೆಟ್ಟು ಬಿತ್ತು. ಬಾಲ್ಕನಿಯಲ್ಲಿ ತಂತಿ ಇಳಿಬಿಟ್ಟವರೂ ಅದರಿಂದ ಬ್ರೆಜಿಲ್ ತನಕ ತಲುಪುತ್ತಾರೆ, ಸಂತೋಷ. ಆದರೆ ಅಲ್ಲಿ ಸಂಭಾಷಣೆ ಅಂದರೆ ಕಾಲ್ ಸೈನ್, ಊರಿನ ಗ್ರಿಡ್ ಸಂಕೇತ, ಸಿಗ್ನಲ್ ಅಂಕ, ನಮಸ್ಕಾರ, ಮುಗಿಯಿತು. ನನಗೆ ಅದು ಹೆಚ್ಚು ಹೊತ್ತು ಹಿಡಿಸುವುದಿಲ್ಲ. ಮೋರ್ಸ್‌ನಲ್ಲಿ ಕೀ ಒತ್ತುವ ಕೈಯ ಗುರುತು ಇರುತ್ತದೆ. ಡಾ ಸ್ವಲ್ಪ ಎಳೆಯುವವರು, ಪದದ ಕೊನೆಯಲ್ಲಿ ಅವಸರ ಮಾಡುವವರು, ಕಾಲ್ ಸೈನ್ ಹೇಳುವ ಮೊದಲೇ ಯಾರೆಂದು ತಿಳಿದುಹೋಗುತ್ತದೆ.

ನಮ್ಮ ದೇಶದ ವಿಷಯ. ಭಾರತದಲ್ಲಿ ಹ್ಯಾಮ್ ಚಟುವಟಿಕೆ 1921ರಷ್ಟು ಹಳೆಯದು. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಹವ್ಯಾಸಿಗಳ ಕೇಂದ್ರಗಳನ್ನು ಮುಚ್ಚಿಸಿತು. 1942ರಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ಮುಂಬೈಯಲ್ಲಿ ಗುಟ್ಟಾಗಿ ನಡೆಸಿದ ಕಾಂಗ್ರೆಸ್ ರೇಡಿಯೊದ ಹಿಂದೆಯೂ ಹವ್ಯಾಸಿಯೊಬ್ಬರ ಕೈಚಳಕ ಇತ್ತು. ಖಾಸಗಿ ಟ್ರಾನ್ಸ್‌ಮಿಟರ್ ಎಂದರೆ ಸರ್ಕಾರಕ್ಕೆ ಅನುಮಾನ ಎಂಬುದು ಆಗಿನಿಂದ ಬಂದದ್ದು, ಸ್ವಾತಂತ್ರ್ಯ ಬಂದ ಮೇಲೂ ಪೂರ್ತಿ ಹೋಗಲಿಲ್ಲ. ರಾಜೀವ್ ಗಾಂಧಿ ಸ್ವತಃ ಹ್ಯಾಮ್, ವಿಯು2ಆರ್‌ಜಿ. 1980ರ ದಶಕದಲ್ಲಿ ಹವ್ಯಾಸ ಸ್ವಲ್ಪ ಉಸಿರಾಡಿತು. ಆದರೂ ಸುಮಾರು ಇಪ್ಪತ್ತು ವರ್ಷದ ಹಿಂದೆ ದೇಶದಲ್ಲಿ 16,000ದಷ್ಟು ಹ್ಯಾಮ್‌ಗಳಿದ್ದಾರೆ ಎಂದು ಲೆಕ್ಕ ಹೇಳುತ್ತಿದ್ದರು. ನೂರು ಕೋಟಿ ದಾಟಿದ ಜನಸಂಖ್ಯೆಗೆ!

ನಮ್ಮಲ್ಲಿ ಹಿಂದೆ ಗ್ರೇಡ್ ಒಂದಕ್ಕೆ ನಿಮಿಷಕ್ಕೆ 12 ಪದ, ಗ್ರೇಡ್ ಎರಡಕ್ಕೆ 5 ಪದ ಇತ್ತು. ಈಗಿನ ಎರಡು ದರ್ಜೆಗಳಲ್ಲಿ ರಿಸ್ಟ್ರಿಕ್ಟೆಡ್‌ಗೆ ಮೋರ್ಸ್ ಬೇಡ, ಜನರಲ್‌ಗೆ 8 ಪದದ ಪರೀಕ್ಷೆ ಉಳಿಸಿಕೊಂಡರು. ಅಂದರೆ ಮೋರ್ಸ್ ಇಲ್ಲದೆ ಒಳಗೆ ಬರುವ ಬಾಗಿಲು ಇಲ್ಲೂ ಇದೆ. ಆದರೂ ಜಪಾನಿನ ಹಾಗೆ ಜನ ಮುಗಿಬೀಳಲಿಲ್ಲ. ಏಕೆ? ಪರೀಕ್ಷೆ ಪಾಸಾಗಿ ಲೈಸೆನ್ಸ್ ಕೈಗೆ ಬರಲು ಪೊಲೀಸ್ ಪರಿಶೀಲನೆ ಇತ್ಯಾದಿ ಸೇರಿ ತಿಂಗಳುಗಟ್ಟಲೆ ಕಾದು, ಅಷ್ಟರಲ್ಲಿ ಕಾಲೇಜೇ ಮುಗಿಸಿ ಊರು ಬಿಟ್ಟವರನ್ನು ನಾನು ಬಲ್ಲೆ. ರಿಗ್‌ಗಳು ಆಮದು, ಒಳ್ಳೆಯ ಬೈಕಿನ ಬೆಲೆ. ಹೈದರಾಬಾದಿನ ಅಶರ್ ಫರ್ಹಾನ್ ರೂಪಿಸಿದ ಬಿಟೆಕ್ಸ್ ಎಂಬ ಸರಳ ರಿಗ್, ಸುಲಭವಾಗಿ ಸಿಗುವ ಬಿಡಿಭಾಗಗಳಿಂದ ಮನೆಯಲ್ಲೇ ಕಟ್ಟಬಹುದಾದದ್ದು, ಜಗತ್ತಿನಾದ್ಯಂತ ಹೆಸರು ಮಾಡಿದ್ದು ಈ ಕಷ್ಟದ ಹಿನ್ನೆಲೆಯಲ್ಲೇ. ಇನ್ನು ಅಪಾರ್ಟ್‌ಮೆಂಟ್ ಅಸೋಸಿಯೇಷನ್. ಟೆರೇಸಿನ ಮೇಲೆ 20 ಮೀಟರ್ ತಂತಿ ಕಟ್ಟುತ್ತೇನೆ ಎಂದು ಮೀಟಿಂಗಿನಲ್ಲಿ ಕೇಳಿ ನೋಡಿ. ಸಿಡಿಲು, ಕ್ಯಾನ್ಸರ್, ವಾಸ್ತು, ಮೂರೂ ಒಟ್ಟಿಗೆ ಬರುತ್ತವೆ. ಮೋರ್ಸ್ ಪರೀಕ್ಷೆ ಇವೆಲ್ಲದರ ಮುಂದೆ ಸಣ್ಣ ಅಡ್ಡಿ. ನನ್ನನ್ನು ಕೇಳಿದರೆ ಅದನ್ನು ಜನರಲ್ ದರ್ಜೆಯಿಂದಲೂ ತೆಗೆಯಬೇಕು. ಮೋರ್ಸ್ ಎಂದರೆ ಪ್ರಾಣ ಬಿಡುವವನೇ ಹೀಗೆ ಹೇಳುತ್ತೇನೆ ಎಂದು ನಮ್ಮ ಹಿರಿಯರಿಗೆ ಸಿಟ್ಟು. ಇರಲಿ.

ಸಂಖ್ಯೆ ಕಡಿಮೆ ಎಂದು ಕೆಲಸ ಕಡಿಮೆಯಲ್ಲ. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ನೇತೃತ್ವದ ತಂಡ ಅಪರೂಪದ ಕೇಂದ್ರವೊಂದನ್ನು ನಡೆಸಲು ಅಂಡಮಾನಿಗೆ ಹೋಗಿತ್ತು. 26ರಂದು ಸುನಾಮಿ. ಫೋನುಗಳು ಸತ್ತಾಗ ಪೋರ್ಟ್ ಬ್ಲೇರಿನಿಂದ ಸುದ್ದಿ ದಾಟಿಸಿದ್ದು ಆಟಕ್ಕೆಂದು ಒಯ್ದಿದ್ದ ಅದೇ ರೇಡಿಯೊ. ಮರುವರ್ಷ ಮೇ 5ರಂದು ಇಸ್ರೊ ಪಿಎಸ್‌ಎಲ್‌ವಿ ಸಿ6ರಲ್ಲಿ ಕಾರ್ಟೊಸ್ಯಾಟ್ ಜೊತೆ ಹ್ಯಾಮ್‌ಸ್ಯಾಟ್ ಹಾರಿಸಿತು, ಹವ್ಯಾಸಿಗಳಿಗೆಂದೇ ಒಂದು ಉಪಗ್ರಹ. ಸಿಗ್ನಲ್ ಹಿಡಿದು ಮತ್ತೆ ನೆಲಕ್ಕೆ ಕಳಿಸುವ ಟ್ರಾನ್ಸ್‌ಪಾಂಡರ್ ಅದರಲ್ಲಿ ಎರಡು: ಒಂದು ನಮ್ಮವರದು, ಇನ್ನೊಂದು ಹಾಲೆಂಡಿನ ವಿದ್ಯಾರ್ಥಿಯೊಬ್ಬ ಮಾಡಿದ್ದು. 2014ರವರೆಗೆ ಅದು ಜಗತ್ತಿನ ಹ್ಯಾಮ್‌ಗಳ ಮಾತು ಹೊತ್ತಿತು. 2025ರ ಜುಲೈನಲ್ಲಿ ಶುಭಾಂಶು ಶುಕ್ಲಾ ಅಂತರಿಕ್ಷ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿದ್ದ ಮಕ್ಕಳ ಜೊತೆ ಮಾತಾಡಿದ್ದೂ ಹ್ಯಾಮ್ ರೇಡಿಯೊದಲ್ಲೇ.

ಮಾತು ಮುಗಿದ ಮೇಲೆ ಮುಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸಾರ್, ಹಾಗಾದ್ರೆ ನಾನು ಮೊದಲು ಏನ್ ಮಾಡ್ಲಿ? ಮೋರ್ಸ್ ಕಲೀಲಾ, ಪರೀಕ್ಷೆಗೆ ಓದ್ಲಾ?"

"ಎರಡೂ ಬೇಡಮ್ಮ, ಮೊದಲು ಕೇಳು" ಎಂದೆ. ಕೇಳಲು ರಿಗ್ ಕೊಳ್ಳಬೇಕಿಲ್ಲ, ಅಂತರ್ಜಾಲದ ಮೂಲಕ ತಿರುಗಿಸಬಹುದಾದ ರಿಸೀವರುಗಳು ಎಷ್ಟೋ ಇವೆ. ಬೆಳಗ್ಗೆ ಎದ್ದು 7 ಮೆಗಾಹರ್ಟ್ಸ್ ಸುತ್ತಮುತ್ತ ಹುಡುಕಿದರೆ ನಮ್ಮ ದೇಶದವರ ದನಿಗಳು ಸಿಗುತ್ತವೆ, ನಡುನಡುವೆ ಕನ್ನಡ ಕೇಳಿಸಿದರೂ ಆಶ್ಚರ್ಯವಿಲ್ಲ. ಅಲ್ಲಿಂದ ಕೆಳಗಿಳಿದರೆ ಮೋರ್ಸ್. ಒಂದು ವಾರ ಕೇಳಿ, ಬೇಸರ ಬಂದರೆ ಬಿಡಲಿ, ಹಣವೂ ಹೋಗಲಿಲ್ಲ ಮರ್ಯಾದೆಯೂ ಹೋಗಲಿಲ್ಲ. ಆಸಕ್ತಿ ಉಳಿದರೆ ರಿಸ್ಟ್ರಿಕ್ಟೆಡ್ ದರ್ಜೆಗೆ ಅರ್ಜಿ ಹಾಕಲಿ. ಮೋರ್ಸ್? ಲೈಸೆನ್ಸ್ ಬರುವಷ್ಟರಲ್ಲಿ ಕಲಿಯಲು ಬೇಕಾದಷ್ಟು ಸಮಯ ಇರುತ್ತದೆ ಎಂದೆ. ಸಭೆ ನಕ್ಕಿತು, ಹಿಂದಿನ ಸಾಲಿನಲ್ಲಿದ್ದ ಹ್ಯಾಮ್ ಗೆಳೆಯರು ಎಲ್ಲರಿಗಿಂತ ಜೋರಾಗಿ.